ನೂಕಿದವರು ಎಲ್ಲಿಗೆ ಹೋಗುತ್ತಾರೆ

ಕಪಿಲಾ ನದಿಯ ದಡದಲ್ಲಿ ಒಂದು ಹೆಂಚಿನ ಮನೆ. ಅಲ್ಲಿ ಗುರುಮಲ್ಲಪ್ಪ ಮೇಷ್ಟ್ರು ಇದ್ದರು. ಊರಿನವರು ಆ ಮನೆಯನ್ನು ಫಿಸಿಕ್ಸ್ ಮಠ ಅನ್ನುತ್ತಿದ್ದರು.

ಮಠ ಅಂದರೆ ಮಠವೇ. ದೇವರ ಪಟ ಒಂದಿರಲಿಲ್ಲ, ಅಷ್ಟೇ. ಬೆಳಗಿನ ಜಾವ ಏಳುವುದು, ಸಾಲಾಗಿ ಕೂತು ಉಣ್ಣುವುದು, ತಪ್ಪು ಮಾಡಿ ಬೈಸಿಕೊಳ್ಳುವುದು ಎಲ್ಲವೂ ಇತ್ತು. ಕಾಲೇಜಿನಲ್ಲಿ ಭೌತಶಾಸ್ತ್ರಕ್ಕೆ ಹೆದರಿ ಫೇಲಾದ ಹುಡುಗರು ಅಲ್ಲಿಗೆ ಬಂದು, ಮೇಷ್ಟ್ರಿಗೆ ಅದಕ್ಕಿಂತ ಹೆಚ್ಚು ಹೆದರಿ ಪಾಸಾಗುತ್ತಿದ್ದರು.

ಈಗ ಯಾರೂ ಬರುವುದಿಲ್ಲ. ಪಾಠವೆಲ್ಲ ಫೋನಿನಲ್ಲೇ ಸಿಗುವಾಗ ಹೊಳೆದಂಡೆಯ ಮುದುಕನ ಹತ್ತಿರ ಬೈಸಿಕೊಳ್ಳಲು ಯಾರಿಗೆ ಬೇಕಾಗಿದೆ? ಊಟದ ಮಣೆಗಳು ಗೋಡೆಗೆ ಒರಗಿ ನಿಂತಿದ್ದವು. ಒಂದು ಮಾತ್ರ ಕೆಳಗಿತ್ತು.

ಒಂದು ಮಧ್ಯಾಹ್ನ ದಾಕ್ಷಾಯಿಣಿ ಬಂದಳು.

ಅವಳು ಪಕ್ಕದೂರಿನವಳು, ಮೇಷ್ಟ್ರ ಶಿಷ್ಯೆ. ಈಗ ನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾಳೆ. ಈ ಮನೆಯ ಮೆಟ್ಟಿಲು ಹತ್ತಿ ಎಷ್ಟೋ ವರ್ಷಗಳಾಗಿದ್ದವು. ಹೆಗಲಲ್ಲಿ ಒಂದು ಕಪ್ಪು ಚೀಲವಿತ್ತು.

ಮೇಷ್ಟ್ರು ಜಗಲಿಯ ಮೇಲೆ ಕೂತು ಹಗ್ಗದ ಗಂಟು ಬಿಡಿಸುತ್ತಿದ್ದರು. ತಲೆ ಎತ್ತಿ ನೋಡಿದರು.

“ಬಂದ್ಯಾ?” ಅಂದರು. ನಿನ್ನೆ ಸಂಜೆ ಹೋದವಳು ಇವತ್ತು ಬಂದಳೇನೋ ಅನ್ನುವ ಹಾಗೆ.

ಅವಳು ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅವಳಿಗೆ ನೆನಪಿದ್ದ ಪಾದಗಳು ಇವಲ್ಲ. ಇವು ಬಡವಾಗಿದ್ದವು, ಮೂಳೆ ಎದ್ದು ಕಾಣುತ್ತಿತ್ತು.

ಮೇಷ್ಟ್ರು ಒಳಗೆ ಹೋಗಿ ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟರು.

ಅರ್ಧ ಕುಡಿದಳು. ಮಾತಾಡಲೆಂದು ಅವರ ಕಡೆ ತಿರುಗಿದಳು. ತಿರುಗುವಾಗ ಲೋಟವನ್ನು ಪಕ್ಕದ ಗಾಳಿಯಲ್ಲಿ ಇಟ್ಟು ಕೈ ಬಿಟ್ಟಳು.

ಲೋಟ ಠಣ್ಣನೆ ನೆಲಕ್ಕೆ ಬಿತ್ತು. ಮಜ್ಜಿಗೆ ಜಗಲಿಯ ತುಂಬ ಹರಿಯಿತು.

ಮೇಷ್ಟ್ರು ಲೋಟವನ್ನೂ ನೋಡಿದರು, ಅವಳನ್ನೂ ನೋಡಿದರು.

“ಎಲ್ಲಿ ಇಟ್ಟೆ?”

“ಇಲ್ಲೇ ಇಟ್ಟೆ ಮೇಷ್ಟ್ರೇ.”

“ಇಲ್ಲೇನಿತ್ತು?”

“ಏನೂ ಇರ್ಲಿಲ್ಲ.” ಅವಳ ಮುಖ ಕೆಂಪಾಯಿತು. “ರೂಢಿ ಆಗೋಗಿದೆ. ಅಲ್ಲಿ ಇಟ್ರೆ ನಿಂತ್ಕೊಳ್ಳುತ್ತೆ.”

“ಎಲ್ಲಿ?”

“ಆಟದಲ್ಲಿ.”

ಮೇಷ್ಟ್ರು ಮೂಲೆಯಲ್ಲಿದ್ದ ಬಟ್ಟೆಯನ್ನು ಅವಳ ಕಡೆ ಎಸೆದರು. ಅವಳು ಕೂತು ಒರೆಸಿದಳು. ಒರೆಸುತ್ತ ಒರೆಸುತ್ತ ತಾನು ಏನು ಮಾಡುತ್ತಿದ್ದೇನೆಂದು ಹೇಳತೊಡಗಿದಳು.

ತಲೆಗೆ ಹಾಕಿಕೊಳ್ಳುವ ಒಂದು ದಪ್ಪ ಕನ್ನಡಕವಿದೆ. ಹೆಡ್‌ಸೆಟ್ ಅನ್ನುತ್ತಾರೆ. ಹಾಕಿಕೊಂಡರೆ ಎದುರಿಗಿದ್ದ ಕೋಣೆ ಮಾಯ, ಬೇರೆಯದೇ ಲೋಕ ಕಾಣುತ್ತದೆ. ಕತ್ತು ತಿರುಗಿಸಿದರೆ ಆ ಲೋಕವೂ ಸುತ್ತಲೂ ಇರುತ್ತದೆ. ಅದರೊಳಗೆ ಅವಳು ಭೌತಶಾಸ್ತ್ರದ ಆಟಗಳನ್ನು ಕಟ್ಟಿದ್ದಾಳೆ. ಹುಡುಗರು ಚಂದ್ರನ ಮೇಲೆ ಚೆಂಡು ಎಸೆಯುತ್ತಾರೆ. ಗ್ರಹದ ಸುತ್ತ ಕಲ್ಲು ತಿರುಗಿಸುತ್ತಾರೆ. ತೂಕವೇ ಇಲ್ಲದ ಕೋಣೆಯಲ್ಲಿ ಸಾಮಾನು ಹಾರಿಸುತ್ತಾರೆ.

“ಕಲೀತಾರಾ?”

“ಕಲೀತಾರೆ ಮೇಷ್ಟ್ರೇ. ಪುಸ್ತಕ ತೆಗೆಯದ ಹುಡುಗ್ರೂ ಕಲೀತಾರೆ. ಬೆಲ್ ಹೊಡೆದ್ರೂ ಏಳಲ್ಲ.”

“ಎಲ್ಲಾರೂ ಒಟ್ಟಿಗೆ ಆಡ್ತಾರಾ?”

“ಒಂದೇ ರೂಮಿನಲ್ಲೇ ಇರ್ತಾರೆ. ನೆಲದ ಮೇಲೆ ಟೇಪ್ ಅಂಟಿಸಿ ಚೌಕ ಮಾಡಿದೀನಿ. ಒಬ್ಬೊಬ್ರಿಗೆ ಒಂದೊಂದು ಚೌಕ. ಕಣ್ಣು ಕಾಣಲ್ವಲ್ಲ, ಒಬ್ರ ಕೈ ಇನ್ನೊಬ್ರಿಗೆ ತಾಗ್ಬಾರ್ದು.”

“ತಾಗಿದ್ರೆ?”

“ಹೆದರ್ಕೊಂಡು ಕೂಗ್ತಾರೆ.”

ಮೇಷ್ಟ್ರು “ಹೂಂ” ಅಂದರು.

ಅವಳು ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ. ಆ ಕೋಣೆಯ ಬಾಗಿಲಲ್ಲಿ ಅವಳು ಎಷ್ಟೋ ಸಲ ನಿಂತು ನೋಡಿದ್ದಳು. ಒಬ್ಬರೂ ಮಾತಾಡುವುದಿಲ್ಲ. ಎಲ್ಲರೂ ಖಾಲಿ ಗಾಳಿಯಲ್ಲಿ ಕೈಯಾಡಿಸುತ್ತಿರುತ್ತಾರೆ, ಯಾರನ್ನೋ ತಡಕುವವರ ಹಾಗೆ. ಆಮೇಲೆ ಅವರೆಲ್ಲ ಗೆಳೆಯರ ಜೊತೆ ಕ್ಯಾಂಟೀನಿಗೆ ಹೋಗುತ್ತಾರೆ. ಅವಳು ಮಾತ್ರ ಬಾಗಿಲು ಹಾಕಿಕೊಂಡು ತಾನೊಂದು ಹೆಡ್‌ಸೆಟ್ ತೊಟ್ಟು ಒಳಗೆ ಹೋಗುತ್ತಾಳೆ. ಅವಳಿಗೆ ಹೋಗಲು ಬೇರೆ ಜಾಗವಿರಲಿಲ್ಲ.

“ಸರಿ, ಬಂದಿದ್ದು ಯಾಕೆ?” ಮೇಷ್ಟ್ರು ಕೇಳಿದರು.

“ಒಂದು ತೊಂದರೆ ಆಗಿದೆ.”

“ಯಾವುದು?”

“ಮೂರನೇ ನಿಯಮ.”

ಮೇಷ್ಟ್ರು ಗಂಟು ಬಿಡಿಸುವುದನ್ನು ನಿಲ್ಲಿಸಿದರು. ನ್ಯೂಟನ್ನನ ಮೂರನೇ ನಿಯಮ ಅಂದರೆ ಆ ಮನೆಯಲ್ಲಿ ಹುಡುಗರು ಉಣ್ಣುವ ಮೊದಲು ಹೇಳಬೇಕಾಗಿದ್ದ ಮಾತು. ನೀನು ಒಂದನ್ನು ಎಷ್ಟು ನೂಕುತ್ತೀಯೋ ಅದೂ ನಿನ್ನನ್ನು ಅಷ್ಟೇ ನೂಕುತ್ತದೆ. ತಪ್ಪಿ ಹೇಳಿದವನಿಗೆ ಅನ್ನ ಬೀಳುತ್ತಿರಲಿಲ್ಲ.

“ಎಲ್ಲ ನಿಯಮಾನೂ ಕಲ್ತ್ರು. ಇದೊಂದು ಮಾತ್ರ ಉಲ್ಟಾ ಕಲ್ತಿದಾರೆ,” ಅಂದಳು ದಾಕ್ಷಾಯಿಣಿ. “ಹೋದ ವಾರ ಕ್ಲಾಸಲ್ಲಿ ಕೇಳ್ದೆ. ಒಬ್ರು ಇನ್ನೊಬ್ರನ್ನ ನೂಕಿದ್ರೆ ಏನಾಗುತ್ತೆ? ಎಲ್ಲಾ ಒಂದೇ ಸಲ ಹೇಳಿದ್ರು, ನೂಕಿಸ್ಕೊಂಡೋರು ಹೋಗ್ತಾರೆ, ನೂಕಿದೋರು ನಿಂತಲ್ಲೇ ಇರ್ತಾರೆ ಅಂತ.”

“ಎಲ್ಲಾರೂನಾ?”

“ಎಲ್ಲಾರೂ. ಆಟಕ್ಕಿಂತ ಮುಂಚೆ ಹೀಗೆ ಹೇಳ್ತಿರ್ಲಿಲ್ಲ ಮೇಷ್ಟ್ರೇ. ನನ್ನ ಆಟ ಆಡಿದ್ಮೇಲೆ ಹೇಳ್ತಿದಾರೆ.”

ಮುಂದಿನ ತಿಂಗಳಿಂದ ಅವಳ ಆಟ ಬೇರೆ ಬೇರೆ ಕಾಲೇಜುಗಳಿಗೂ ಹೋಗುವುದಿತ್ತು. ಸೋಮವಾರ ಅವಳು ಸರಿ ಅಂದರೆ ಹೊರಟಿತು. ಅಂದರೆ ಒಂದು ಕ್ಲಾಸಿಗೆ ಕಲಿಸಿದ ಸುಳ್ಳು ಊರೂರಿಗೆ ಹರಡುತ್ತದೆ.

“ಆಟದಲ್ಲಿ ಏನು ಮಾಡಿದೀಯ?”

“ಅದನ್ನೇ ತೋರಿಸೋಕೆ ಬಂದೆ.”

“ತೋರ್ಸು ಮತ್ತೆ.”

ಅವಳು ಚೀಲದಿಂದ ಹೆಡ್‌ಸೆಟ್ ತೆಗೆದು ಮೇಷ್ಟ್ರ ತಲೆಗೆ ಹಾಕಿದಳು. ಪಟ್ಟಿಯನ್ನು ಬಿಗಿ ಮಾಡಿದಳು. ಮತ್ತೂ ಸಡಿಲವಾಗಿತ್ತು. ಇನ್ನೂ ಬಿಗಿ ಮಾಡಿದಳು.

ಮೊದಲು ಚಂದ್ರನ ಆಟ ಹಾಕಿದಳು.

ಮೇಷ್ಟ್ರು ಎದ್ದು ಸುಮ್ಮನೆ ನಿಂತರು. ಬಗ್ಗಿ ಏನನ್ನೋ ಎತ್ತಿಕೊಂಡರು. ಎಸೆದರು. ಮುಖ ಎತ್ತಿ ಅದು ಹೋಗುವುದನ್ನೇ ನೋಡುತ್ತ ನಿಂತರು. ಜಗಲಿಯಲ್ಲಿ ಅವರ ಕೈ ಖಾಲಿ, ಎದುರಿಗೆ ಬರೀ ಹೊಳೆ.

“ಇನ್ನೂ ಹೋಗ್ತಾನೇ ಇದೆ!” ಅಂದರು.

“ಚಂದ್ರ ಅಲ್ವಾ ಮೇಷ್ಟ್ರೇ.”

“ಗೊತ್ತು ಕಣವ್ವ. ಜೀವಮಾನ ಎಲ್ಲ ಸೀಮೆಸುಣ್ಣದಲ್ಲೇ ಎಸೆದಿದ್ದೆ. ಕಣ್ಣಲ್ಲಿ ನೋಡಿರ್ಲಿಲ್ಲ.”

ಇನ್ನೊಂದು ಎಸೆದರು. ಮತ್ತೊಂದು ಎಸೆದರು. ಬಾಯಿ ತೆರೆದು ನಗುತ್ತಿದ್ದರು. ದಾಕ್ಷಾಯಿಣಿಗೆ ಖುಷಿಯಾಯಿತು. ಅವರು ಹೀಗೆ ನಗುವುದನ್ನು ಅವಳು ಯಾವತ್ತೂ ನೋಡಿರಲಿಲ್ಲ.

“ಈಗ ಮೂರನೇ ನಿಯಮದ್ದು ಹಾಕ್ತೀನಿ,” ಅಂದಳು.

ಮೇಷ್ಟ್ರು ಕತ್ತು ತಿರುಗಿಸಿ ಸುತ್ತ ನೋಡಿದರು.

“ಇದು ನಮ್ಮ ಹೊಳೆ.”

“ಹೌದು ಮೇಷ್ಟ್ರೇ.”

“ಹರಿಗೋಲಲ್ಲಿ ಕೂತಿದೀನಿ. ಎದುರಿಗೆ ಇನ್ನೊಂದು ಹರಿಗೋಲಿದೆ.”

“ಹೌದು.”

ಹಿಂದೆ ಮೇಷ್ಟ್ರು ಮೂರನೇ ನಿಯಮವನ್ನು ಹೊಳೆಯಲ್ಲೇ ಕಲಿಸುತ್ತಿದ್ದರು. ಮನೆಯ ಕೆಳಗೆ ನೀರು ತಿರುಗಿ ನಿಲ್ಲುವ ಮಡು ಇತ್ತು. ಬಿದಿರಿನ ಎರಡು ಹರಿಗೋಲು, ಬುಟ್ಟಿಯ ಹಾಗೆ ದುಂಡನೆಯವು. ಒಂದೊಂದರಲ್ಲಿ ಒಬ್ಬೊಬ್ಬ ಹುಡುಗ. ಅಂಗೈಗೆ ಅಂಗೈ ಕೊಟ್ಟು ಒಬ್ಬ ನೂಕಬೇಕು. ಎರಡೂ ಹರಿಗೋಲು ಹಿಂದಕ್ಕೆ ಸರಿಯುತ್ತಿದ್ದವು. ಒಬ್ಬನೇ ನೂಕಿದರೂ ಇಬ್ಬರೂ ಹೋಗುತ್ತಿದ್ದರು.

ಹುಡುಗರೆಲ್ಲ ಸರದಿಯಲ್ಲಿ ಕೂತಿದ್ದರು. ದಾಕ್ಷಾಯಿಣಿ ಮಾತ್ರ ಕೂತಿರಲಿಲ್ಲ. ಅವಳು ದಡದಲ್ಲಿ ಹಗ್ಗ ಹಿಡಿಯುತ್ತಿದ್ದಳು. ಮೇಷ್ಟ್ರ ಬಲಗೈ ಅಂತ ಅವಳಿಗೆ ಬಿಂಕ. ಹಗ್ಗವನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ.

ಆ ಪಾಠವನ್ನೇ ಅವಳು ಆಟ ಮಾಡಿದ್ದಳು. ಹೊಳೆ, ಮಡು, ಮೆಟ್ಟಿಲು, ದಡದ ಹೊಂಗೆ ಮರ ಯಾವುದನ್ನೂ ಬಿಟ್ಟಿರಲಿಲ್ಲ.

“ಎದುರಿನ ಹರಿಗೋಲಲ್ಲಿ ಯಾರೋ ಕೂತಿದಾನಲ್ಲ,” ಅಂದರು ಮೇಷ್ಟ್ರು. “ಯಾರವನು ದಪ್ಪಗಿರೋನು?”

ಮೇಷ್ಟ್ರು ಮುಂದಕ್ಕೆ ಬಗ್ಗಿದರು. “ಹೆಗಲ ಮೇಲೆ ಟವೆಲ್ ಬೇರೆ. ಕೂದಲೆಲ್ಲ ಕಪ್ಪು.”

“ನೀವೇ ಮೇಷ್ಟ್ರೇ.”

“ನಾನಾ?”

“ನಾನು ನೋಡಿದ್ದು ಹಾಗೇ ತಾನೆ.”

“ತೂಕ ಎಷ್ಟು ಕೊಟ್ಟಿದೀಯ ನನಗೆ?”

“ಎಂಬತ್ತು ಕೆಜಿ.”

ಮೇಷ್ಟ್ರು ನಕ್ಕರು. ಆ ನಗುವಿಗೆ ಅವರ ಹೆಗಲ ಮೂಳೆಗಳು ಅಂಗಿಯೊಳಗೆ ಅಲ್ಲಾಡಿದವು.

“ಮಾತಾಡ್ತಾನಾ ಇವನು?”

“ಸರಿಯಾಗಿ ಮಾಡಿದ್ರೆ ಭೇಷ್ ಅಂತಾರೆ.”

“ನಾನು ಯಾವತ್ತು ನಿನಗೆ ಭೇಷ್ ಅಂದಿದ್ದೆ?”

“ಒಂದ್ಸಲಾನೂ ಅಂದಿಲ್ಲ.”

ಕಾಲೇಜಿನ ಬಾಗಿಲು ಹಾಕಿಕೊಂಡು ಅವಳು ಸಂಜೆಗಳಲ್ಲಿ ಒಳಗೆ ಹೋಗುತ್ತಿದ್ದದ್ದು ಎಲ್ಲಿಗೆ ಅಂತ ಈಗ ಓದುವವರಿಗೆ ಗೊತ್ತಾಗಿರಬೇಕು.

“ನೂಕಿ ನೋಡಿ,” ಅಂದಳು.

ಮೇಷ್ಟ್ರು ಎರಡೂ ಕೈ ಚಾಚಿದರು. ಅಲ್ಲಿ ಎದುರಿದ್ದವನ ಅಂಗೈಗೆ ಅಂಗೈ ಸೇರಿಸಿ ನೂಕಿದರು. ಜಗಲಿಯ ಮೇಲೆ ಅವರ ಕೈ ಯಾವ ಅಡ್ಡಿಯೂ ಇಲ್ಲದೆ ಮುಂದಕ್ಕೆ ಹೋಯಿತು. ಮುಗ್ಗರಿಸಿದರು. ದಾಕ್ಷಾಯಿಣಿ ತೋಳು ಹಿಡಿದಳು.

“ಅವನು ಹೋದ,” ಅಂದರು ಮೇಷ್ಟ್ರು.

“ಹೂಂ.”

“ನಾನು ಇಲ್ಲೇ ಇದೀನಿ.”

“ಹೂಂ.”

“ನನ್ನ ಹರಿಗೋಲು ಯಾಕೆ ಹಿಂದಕ್ಕೆ ಹೋಗ್ಲಿಲ್ಲ?”

“ನಾನೇ ತೆಗ್ದೆ.”

ಮೇಷ್ಟ್ರು ಕೂತು, ಹೆಡ್‌ಸೆಟ್ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ಕಣ್ಣು ಉಜ್ಜಿಕೊಂಡರು.

“ಮೊದಲು ಇತ್ತು ಮೇಷ್ಟ್ರೇ. ನೂಕಿದ್ರೆ ಇಬ್ರೂ ಹಿಂದಕ್ಕೆ ಹೋಗೋರು. ಆದ್ರೆ ಹುಡುಗ್ರು ನೆಲದ ಮೇಲೆ ನಿಂತಿರ್ತಾರೆ, ಕಣ್ಣಿಗೆ ಮಾತ್ರ ತಾವೇ ಹಿಂದಕ್ಕೆ ಹೋದ ಹಾಗೆ ಕಾಣುತ್ತೆ. ತಲೆ ಸುತ್ತುತ್ತೆ. ಒಬ್ಬಳು ವಾಂತಿ ಮಾಡ್ಕೊಂಡ್ಲು, ಅವಳನ್ನ ನೋಡಿ ಪಕ್ಕದೋನೂ ಮಾಡ್ಕೊಂಡ. ಮಾರನೇ ದಿನ ಅರ್ಧ ಕ್ಲಾಸ್ ಖಾಲಿ. ಅದಕ್ಕೆ ನೂಕಿದೋರು ನಿಂತಲ್ಲೇ ಇರೋ ಹಾಗೆ ಮಾಡ್ಬಿಟ್ಟೆ. ಆಟ ಚೆನ್ನಾಗಿ ನಡೀತು. ಯಾರಿಗೂ ಏನೂ ಆಗ್ಲಿಲ್ಲ.”

“ಯಾರಿಗೂ ಏನೂ ಆಗ್ಲಿಲ್ಲ,” ಮೇಷ್ಟ್ರು ಅದನ್ನೇ ತಿರುಗಿಸಿ ಹೇಳಿದರು.

“ತಪ್ಪು ಅಂತ ನನಗೆ ಗೊತ್ತಿತ್ತು ಮೇಷ್ಟ್ರೇ. ಸಣ್ಣ ತಪ್ಪು ಅಂದ್ಕೊಂಡೆ. ಬಾಯಲ್ಲಿ ಹೇಳಿದ್ರಾಯ್ತು, ನಿಜವಾಗಿ ಹಿಂಗಲ್ಲ ಅಂತ.”

“ಹೇಳಿದ್ಯಾ?”

“ಹೇಳ್ದೆ. ಕಣ್ಣಲ್ಲಿ ನೋಡಿದ್ದನ್ನ ಬಿಟ್ಟು ನನ್ನ ಮಾತು ಯಾರು ಕೇಳ್ತಾರೆ?”

ಮೇಷ್ಟ್ರು ಬೈಯುತ್ತಾರೆ ಅಂತ ಅವಳು ಕಾದಳು. ಬೈಯಲಿ ಅಂತ ಆಸೆಯೂ ಇತ್ತು. ಅವಳ ತಪ್ಪನ್ನು ತಪ್ಪು ಅನ್ನುವವರು ಎಷ್ಟೋ ವರ್ಷದಿಂದ ಅವಳಿಗೆ ಸಿಕ್ಕಿರಲಿಲ್ಲ. ಕಾಲೇಜಿನಲ್ಲಿ ಎಲ್ಲರೂ ಮೇಡಂ ಸೂಪರ್ ಅನ್ನುತ್ತಾರೆ. ಆಟದೊಳಗಿನ ಮೇಷ್ಟ್ರೂ ಭೇಷ್ ಅನ್ನುತ್ತಾರೆ, ಅವಳೇ ಕಲಿಸಿಕೊಟ್ಟಿದ್ದಾಳೆ.

ಮೇಷ್ಟ್ರು ಬೈಯಲಿಲ್ಲ. ಹಗ್ಗವನ್ನು ಮತ್ತೆ ಕೈಗೆ ತೆಗೆದುಕೊಂಡರು.

“ಅಷ್ಟೇನಾ ಕೇಳೋಕೆ ಬಂದಿದ್ದು?”

“ಅಷ್ಟೇ.”

“ಸುಳ್ಳು ಹೇಳ್ಬೇಡ. ಹಿಂದಕ್ಕೆ ಹೋಗೋದನ್ನ ಮತ್ತೆ ಸೇರಿಸ್ಬೇಕು ಅನ್ನೋದು ನಿನಗೆ ನನ್ನ ಕೇಳಿ ಗೊತ್ತಾಗ್ಬೇಕಾ? ಅದಕ್ಕೆ ಬಸ್ ಹತ್ತಿ ಬಂದ್ಯಾ?”

ದಾಕ್ಷಾಯಿಣಿ ತಲೆ ತಗ್ಗಿಸಿದಳು.

ಓದುವವರಿಗೆ ಒಂದು ಹಳೆಯ ವಿಷಯ ತಿಳಿದಿರಲಿ. ಎಂಎಸ್ಸಿ ಮುಗಿದ ಮೇಲೆ ಅವಳಿಗೆ ದೂರದ ಊರಿನಲ್ಲಿ ಸಂಶೋಧನೆಗೆ ಸೀಟು ಸಿಕ್ಕಿತ್ತು. ಅವಳು ಒಲ್ಲೆ ಅಂದಳು. ಮಠದಲ್ಲೇ ಇದ್ದು ಮೇಷ್ಟ್ರ ಹುಡುಗರಿಗೆ ಪಾಠ ಹೇಳುತ್ತೇನೆ, ಹಗ್ಗ ಹಿಡಿಯುತ್ತೇನೆ ಅಂದಳು. ಒಂದು ಬೆಳಿಗ್ಗೆ ಅವಳು ಎಂದಿನ ಹಾಗೆ ಬಂದಾಗ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಿಡಲಿಲ್ಲ.

“ನಿನಗೆ ಇಲ್ಲಿ ಕೆಲಸ ಇಲ್ಲ. ಹೋಗು. ಇನ್ನು ಈ ಕಡೆ ಬರಬೇಡ,” ಅಂದರು.

ಅವಳು ಅತ್ತಳು. ಮೇಷ್ಟ್ರ ಮುಖ ಕಲ್ಲಿನ ಹಾಗಿತ್ತು. ಅವಳು ಹೋದಳು. ಸಂಶೋಧನೆ ಮುಗಿಸಿದಳು, ಕೆಲಸ ಹಿಡಿದಳು. ಹೆಸರೂ ಬಂತು. ಒಂದು ಸಲವೂ ಫೋನ್ ಮಾಡಲಿಲ್ಲ. ಅವರೂ ಮಾಡಲಿಲ್ಲ. ಅಂಥ ಮನುಷ್ಯನನ್ನೇ ಆಟದೊಳಗೆ ಕೂರಿಸಿ ಸಂಜೆ ಸಂಜೆ ನೋಡುವುದು ಯಾವ ಹುಚ್ಚು ಅಂತ ನೀವು ಕೇಳಬಹುದು. ಅವಳೂ ತನ್ನನ್ನು ತಾನು ಕೇಳಿಕೊಂಡಿದ್ದಳು.

ಹೋದ ವಾರ ಕ್ಲಾಸಿನಲ್ಲಿ ಹುಡುಗರೆಲ್ಲ, ನೂಕಿದವರು ನಿಂತಲ್ಲೇ ಇರುತ್ತಾರೆ ಅಂದಾಗ ಅವಳು ಪಾಠವನ್ನು ಅಲ್ಲಿಗೇ ನಿಲ್ಲಿಸಿದ್ದಳು. ಇಷ್ಟು ವರ್ಷ ಅವಳೂ ನಂಬಿದ್ದು ಅದನ್ನೇ.

“ಕೇಳು,” ಅಂದರು ಮೇಷ್ಟ್ರು.

“ಆವತ್ತು ನನ್ನ ಯಾಕೆ ಕಳಿಸಿದ್ರಿ ಅಂತ ಕೇಳಲ್ಲ,” ಅಂದಳು ದಾಕ್ಷಾಯಿಣಿ. “ನನ್ನ ಒಳ್ಳೇದಕ್ಕೇ ಅಂತ ಗೊತ್ತು. ಕಳಿಸ್ದೇ ಇದ್ದಿದ್ರೆ ಇಲ್ಲೇ ಕೊಳೀತಿದ್ದೆ. ಅದು ಬೇರೆ.”

“ಮತ್ತೆ?”

“ಕಳಿಸಿದ್ಮೇಲೆ ನಿಮಗೆ ಏನಾದ್ರೂ ಆಯ್ತಾ?”

ಅವಳ ದನಿ ಒಡೆಯಿತು. “ನಾನು ಎಷ್ಟು ದೂರ ಹೋಗಿ ಬಿದ್ದೆ ನಿಮಗೆ ಗೊತ್ತಾ? ಯಾರ ಜೊತೆ ಕೂತ್ರೂ ಒಬ್ಳೇ ಇದ್ದ ಹಾಗೆ. ನೀವು ನಿಮ್ಮ ಪಾಡಿಗೆ ಇಲ್ಲೇ ಇದ್ರಿ. ಇದೇ ಜಗಲಿ, ಇದೇ ಹೊಳೆ. ನಿಮಗೆ ಏನೂ ಆಗ್ಲಿಲ್ವಾ ಮೇಷ್ಟ್ರೇ? ಅಷ್ಟು ಹೇಳಿಬಿಡಿ. ಇಲ್ಲ ಅಂದ್ರೆ ಇಲ್ಲ ಅನ್ನಿ. ಎದ್ದು ಹೋಗ್ತೀನಿ.”

ಮೇಷ್ಟ್ರು ಎದ್ದರು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

“ಬಾ,” ಅಂದರು.

ಮೆಟ್ಟಿಲು ಇಳಿದು ಮಡುವಿನ ಹತ್ತಿರ ಹೋದರು. ಹೊಂಗೆ ಮರದ ಕೆಳಗೆ ಎರಡು ಹರಿಗೋಲುಗಳು ಬೋರಲು ಬಿದ್ದಿದ್ದವು. ಒಂದರ ಮೇಲೆ ಒಣಗಿದ ಎಲೆ ರಾಶಿಯಾಗಿತ್ತು. ಬಿಸಿಲು ಇಳಿಯುತ್ತಿತ್ತು. ನೀರು ಅಲ್ಲಾಡದೆ ನಿಂತಿತ್ತು.

“ತಿರುಗ್ಸು.”

ಇಬ್ಬರೂ ಸೇರಿ ತಿರುಗಿಸಿ ನೀರಿಗೆ ಇಳಿಸಿದರು. ಮೇಷ್ಟ್ರಿಗೆ ಏದುಸಿರು ಬಂತು. ಅವಳು ಹಗ್ಗಕ್ಕೆ ಕೈ ಹಾಕಿದಳು.

“ಹಗ್ಗ ಬಿಡು. ಹತ್ತು.”

“ನಾನಾ?”

“ಇನ್ಯಾರಿದಾರೆ ಇಲ್ಲಿ?”

“ನನಗೆ ಭಯ ಮೇಷ್ಟ್ರೇ. ನಾನು ಯಾವತ್ತೂ ಕೂತಿಲ್ಲ.”

“ಗೊತ್ತು. ಅದಕ್ಕೇ.”

ಅವಳು ಹತ್ತಿದಳು. ಹರಿಗೋಲು ವಾಲಾಡಿತು. ಅಂಚು ಹಿಡಿದು ಕುಕ್ಕರಿಸಿದಳು. ಮೇಷ್ಟ್ರು ತಮ್ಮದಕ್ಕೆ ಹತ್ತಿ, ಅವಳ ಹರಿಗೋಲನ್ನೂ ಎಳೆದುಕೊಂಡು, ಹುಟ್ಟು ಹಾಕುತ್ತ ಮಡುವಿನ ನಡುವೆ ಬಂದರು. ಎರಡೂ ಒಂದಕ್ಕೊಂದು ತಾಗಿ ನಿಂತವು.

“ಕೈ ಕೊಡು.”

ಅವಳು ಎರಡೂ ಅಂಗೈ ಎತ್ತಿದಳು. ಮೇಷ್ಟ್ರು ತಮ್ಮ ಅಂಗೈ ತಂದು ಸೇರಿಸಿದರು.

ಅವಳು ಅವರ ಕಾಲನ್ನು ಎಷ್ಟೋ ಸಲ ಮುಟ್ಟಿದ್ದಳು. ಕೈ ಮುಟ್ಟಿದ್ದು ಇದೇ ಮೊದಲು. ಒರಟು ಕೈ, ಬಿಸಿಯಾಗಿತ್ತು. ಅವಳು ಕೈ ಒತ್ತಿದರೆ ಅದೂ ಒತ್ತುತ್ತಿತ್ತು. ಸಡಿಲ ಬಿಟ್ಟರೆ ಅದೂ ಸಡಿಲವಾಗುತ್ತಿತ್ತು. ಆಟ ಕಟ್ಟುವಾಗ ಇದನ್ನು ಎಲ್ಲಿಂದ ತರುವುದು ಅಂತ ಅವಳಿಗೆ ತೋಚಿರಲಿಲ್ಲ.

“ನೂಕು,” ಅಂದರು ಮೇಷ್ಟ್ರು.

“ಆಗಲ್ಲ.”

“ನೂಕು ಅಂದೆ.”

“ನಾನು ನಿಮ್ಮನ್ನ ನೂಕಲ್ಲ ಮೇಷ್ಟ್ರೇ.”

“ಹಂಗಾದ್ರೆ ಆವತ್ತಿನ ಹಾಗೇ ಆಗ್ಲಿ.”

ಮೇಷ್ಟ್ರು ತಾವೇ ನೂಕಿದರು.

ಅಂಗೈಗಳು ಬೇರೆಯಾದವು. ಅವಳ ಹರಿಗೋಲು ಹಿಂದಕ್ಕೆ ಜಾರಿತು. ಹೊಂಗೆ ಮರ, ಮೆಟ್ಟಿಲು, ಮನೆ ಎಲ್ಲವೂ ಒಟ್ಟಿಗೆ ಸರಿದವು. ತಲೆ ಸುತ್ತಿ ಬಂತು. ಅಂಚನ್ನು ಹಿಡಿದು ಕಣ್ಣು ಮುಚ್ಚಿದಳು.

ಹುಡುಗರಿಗೆ ಆದದ್ದೂ ಇದೇ ಇರಬೇಕು ಅನ್ನಿಸಿತು. ಅವರ ತಲೆ ಸುತ್ತಬಾರದೆಂದು ತಾನು ತೆಗೆದು ಹಾಕಿದ್ದು ಇದನ್ನೇ. ಹರಿಗೋಲು ನಿಂತಿತು. ಅವಳು ಕಣ್ಣು ಬಿಟ್ಟಳು.

ಅವಳು ಹೆಚ್ಚು ದೂರ ಹೋಗಿರಲಿಲ್ಲ. ನಗರದ ಊಟ ಅವಳ ಮೈಗೆ ಚೆನ್ನಾಗಿಯೇ ಹತ್ತಿತ್ತು. ಮೆಟ್ಟಿಲಿನ ಕಡೆಗೆ ಸ್ವಲ್ಪವೇ ಸರಿದಿದ್ದಳು.

ಮೇಷ್ಟ್ರಿಗಾಗಿ ನೋಡಿದಳು. ತಾನು ಬಿಟ್ಟ ಜಾಗದಲ್ಲಿ ಅವರಿರಲಿಲ್ಲ.

ಅವರ ಹರಿಗೋಲು ಮಡು ದಾಟಿ, ಆಚೆ ದಡದ ಜೊಂಡಿನ ಕಡೆಗೆ ಇನ್ನೂ ಜಾರುತ್ತಲೇ ಇತ್ತು. ಅದರಲ್ಲಿ ಒಂದು ಪುಟ್ಟ ಬಿಳಿಯ ಆಕೃತಿ, ಹೆಗಲಲ್ಲಿ ಟವೆಲ್. ಎಂಬತ್ತು ಕೆಜಿಯ ಮನುಷ್ಯ ಅಷ್ಟು ದೂರ ಹೋಗುವುದು ಸಾಧ್ಯವಿರಲಿಲ್ಲ. ಹಗುರಾದವರು ಹೆಚ್ಚು ದೂರ ಹೋಗುತ್ತಾರೆ. ಇದನ್ನು ಅವಳು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದಳು.

“ಮೇಷ್ಟ್ರೇ!” ಅಂತ ಕೂಗಿದಳು.

ಅವರು ಕೈ ಎತ್ತಿದರು.

“ಸೋಮವಾರ ಕಳಿಸಲ್ಲ ಮೇಷ್ಟ್ರೇ! ನೂಕಿದೋರೂ ಹಿಂದಕ್ಕೆ ಹೋಗೋದನ್ನ ಸೇರಿಸಿ ಆಮೇಲೆ ಕಳಿಸ್ತೀನಿ! ತಲೆ ಸುತ್ತಿದ್ರೆ ಸುತ್ತಲಿ! ಕೂರಿಸಿ ಆಡಿಸ್ತೀನಿ, ಇಬ್ಬಿಬ್ರನ್ನ ಕೈ ಹಿಡಿಸಿ ಆಡಿಸ್ತೀನಿ!”

ಹರಿಗೋಲು ಜೊಂಡಿಗೆ ತಾಗಿ ನಿಂತಿತು.

ದಾಕ್ಷಾಯಿಣಿಗೆ ಅಳು ಬಂತು. ಇಷ್ಟು ವರ್ಷ ತಡೆದಿದ್ದು. ಬಿಕ್ಕಿ ಬಿಕ್ಕಿ ಅತ್ತಳು. ಒರೆಸಿಕೊಳ್ಳಲಿಲ್ಲ.

“ನೂಕಿದ್ದು ನೀವಲ್ವಾ,” ಅಂತ ನೀರಿನ ಆಚೆಗೆ ಕೇಳಿದಳು. “ನೀವ್ಯಾಕೆ ಅಷ್ಟು ದೂರ ಹೋದ್ರಿ?”

ಮೇಷ್ಟ್ರು ಹುಟ್ಟನ್ನು ಎತ್ತಿ ಮಡಿಲಲ್ಲಿ ಅಡ್ಡ ಇಟ್ಟುಕೊಂಡರು. ಅವರ ದನಿ ಸಣ್ಣದಾಗಿತ್ತು. ಆದರೂ ನಿಂತ ನೀರಿನ ಮೇಲೆ ಸ್ಪಷ್ಟವಾಗಿ ಕೇಳಿಸಿತು.

“ಆವತ್ತೂ ಹೋಗಿದ್ದೆ ಕಣವ್ವ. ನೀನು ತಿರುಗಿ ನೋಡ್ಲಿಲ್ಲ.”